ಗ್ಯಾರೇಜ್ ಕಟ್ಟೆ: ಪಂಪು ಇಳಿಸುವ ಮುಂಚೆ ಪೈಪು ನೋಡಿ

ಪ್ರಶ್ನೆ: ನನ್ನದು 2005ರ ಮಾಡೆಲ್ ಡೀಸೆಲ್ ಪಿಕಪ್. ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದ ಹೊಸ ಡೀಸೆಲ್ ವ್ಯವಸ್ಥೆ) ಅಲ್ಲ, ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿ. ಚಿಕ್ಕಬಳ್ಳಾಪುರದಿಂದ ಹೂವು ತುಂಬಿಕೊಂಡು ಕೆ.ಆರ್. ಮಾರ್ಕೆಟ್‌ಗೆ ಬರುತ್ತೇನೆ. ಬೆಳಗಿನ ಜಾವ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು. ಹೆಬ್ಬಾಳ ಫ್ಲೈಓವರ್ ಹತ್ತುವಾಗ ಎಳೆಯುವುದೇ ಇಲ್ಲ, ಕೆಲವು ಸಲ ಆಫ್ ಆಗಿಬಿಡುತ್ತದೆ. ಪ್ರೈಮರ್ (ಡೀಸೆಲ್ ತುಂಬಿಸಲು ಕೈಯಲ್ಲಿ ಒತ್ತುವ ಪಂಪು) ಒತ್ತಿದರೆ ಮತ್ತೆ ಸ್ಟಾರ್ಟ್. ಟ್ಯಾಂಕಿನಲ್ಲಿ ಡೀಸೆಲ್ ಕಾಲುಭಾಗಕ್ಕೆ ಇಳಿದಾಗ ಈ ಕಾಟ ಜಾಸ್ತಿ. ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿದ್ದೇನೆ. ಎಲ್ಲೂ ಸೋರಿಕೆ ಇಲ್ಲ. ಮೆಕ್ಯಾನಿಕ್ ‘ಪಂಪು ಹೋಗಿದೆ, ಇಳಿಸಬೇಕು’ ಅನ್ನುತ್ತಾರೆ. ಏನು ಮಾಡಲಿ ಸರ್?
– ಓದುಗರು, ಯಲಹಂಕ

ಉತ್ತರ: ಸದ್ಯಕ್ಕೆ ಪಂಪಿಗೆ ಯಾರೂ ಸ್ಪ್ಯಾನರ್ ಹಾಕದ ಹಾಗೆ ನೋಡಿಕೊಳ್ಳಿ. ಪ್ರೈಮರ್ ಒತ್ತಿದರೆ ಗಾಡಿ ಸ್ಟಾರ್ಟ್ ಆಗುತ್ತದೆ ಅಂದಿರಲ್ಲ, ಅಂದರೆ ಡೀಸೆಲ್ ಸಿಕ್ಕಾಗ ಪಂಪು ತನ್ನ ಕೆಲಸ ಮಾಡುತ್ತಿದೆ. ಅದರವರೆಗೆ ಡೀಸೆಲ್ ಸರಿಯಾಗಿ ಬರುತ್ತಿಲ್ಲ, ಅಷ್ಟೇ. ನನಗೆ ಅನುಮಾನ ಇರುವುದು ಗಾಳಿಯ ಮೇಲೆ.

‘ಎಲ್ಲೂ ಸೋರಿಕೆ ಇಲ್ಲ’ ಅಂತ ಧೈರ್ಯವಾಗಿ ಬರೆದಿದ್ದೀರಿ. ಆದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ಮೇನ್ ಪಂಪಿಗೆ ಡೀಸೆಲ್ ತಂದುಕೊಡುವ ಚಿಕ್ಕ ಪಂಪು) ಡೀಸೆಲ್ಲನ್ನು ಯಾರೂ ತಳ್ಳುವುದಿಲ್ಲ, ಆ ಫೀಡ್ ಪಂಪೇ ಹೀರುತ್ತದೆ. ಆ ಭಾಗದಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ನೆಲದ ಮೇಲೆ ಒಂದು ಹನಿ ಬಿದ್ದಿರುವುದಿಲ್ಲ, ಗಾಡಿ ಮಾತ್ರ ಎಳೆಯುವುದಿಲ್ಲ. ರಾತ್ರಿ ನಿಲ್ಲಿಸಿದಾಗ ಅದೇ ಬಿರುಕಿನಿಂದ ಗಾಳಿ ಸೇರಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾಗುವುದು ಅದಕ್ಕೇ.

ಮೊದಲು ಖರ್ಚಿಲ್ಲದ ಕೆಲಸ. ಗಾಡಿ ಎಳೆತ ಬಿಟ್ಟಾಗ ಕನ್ನಡಿಯಲ್ಲಿ ಹೊಗೆ ನೋಡಿ. ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಏರ್ ಫಿಲ್ಟರ್ ಕಡೆ ಗಮನ ಕೊಡಿ. ಹೊಗೆಯೇ ಇಲ್ಲದೆ ಸುಮ್ನೆ ಸೋತುಹೋದರೆ ಡೀಸೆಲ್ ಸಾಲುತ್ತಿಲ್ಲ. ಆಗ ಗಾಡಿ ಪಕ್ಕಕ್ಕೆ ಹಾಕಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಉಸ್’ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿಕಂಡಿ ಕಟ್ಟಿದೆ. ಹಳೇ ಗಾಡಿಗಳಲ್ಲಿ ಮೂಲ ಮುಚ್ಚಳ ಕಳೆದು ಯಾವುದೋ ಸಿಕ್ಕಿದ್ದನ್ನು ತಿರುಗಿಸಿರುತ್ತಾರೆ, ಅದಕ್ಕೆ ಕಂಡಿಯೇ ಇರುವುದಿಲ್ಲ.

ಮುಚ್ಚಳ ಸರಿಯಿದ್ದರೆ ಮುಂದಿನದು ಪಾರದರ್ಶಕ ಪೈಪು. ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆ ಗೇಣುದ್ದದ ಟ್ರಾನ್ಸ್‌ಪರೆಂಟ್ ಪೈಪು ಸೇರಿಸಿ, ಎರಡೂ ತುದಿಗೆ ಕ್ಲಿಪ್ಪು ಬಿಗಿ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಿ ರೇಸ್ ಕೊಡಿ, ಪೈಪಿಗೆ ಟಾರ್ಚ್ ಬಿಡಿ. ಶುರುವಿನಲ್ಲಿ ಒಂದೆರಡು ಗುಳ್ಳೆ ಬರುವುದು ಸಹಜ. ನಿಲ್ಲದೆ ಸಾಲುಗಟ್ಟಿ ಬಂದರೆ ಗಾಳಿ ಟ್ಯಾಂಕಿನ ಕಡೆಯಿಂದಲೇ ಸೇರುತ್ತಿದೆ. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಸೆಲ್ಫ್ ಹೊಡೆಯುವ ಮುಂಚೆ ನೋಡಿದರೆ ಇನ್ನೂ ಒಳ್ಳೆಯದು. ಆ ಪೈಪು ಪರೀಕ್ಷೆಗೆ ಮಾತ್ರ. ಡೀಸೆಲ್ಲಿಗೂ ಬಿಸಿಗೂ ಬೇಗ ಗಟ್ಟಿಯಾಗುತ್ತದೆ, ಅದನ್ನೇ ಬಿಟ್ಟುಕೊಂಡು ಓಡಾಡಬೇಡಿ.

ಪೂರ್ತಿ ಖಾತ್ರಿಯಾಗಬೇಕಾದರೆ ಕ್ಯಾನ್ ಪರೀಕ್ಷೆ. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಅದರೊಳಗೆ ಹೊಸ ಪೈಪು ಬಿಟ್ಟು ನೇರ ಫೀಡ್ ಪಂಪಿಗೆ ಕೊಡಿ. ಗಾಡಿ ನಿಂತಲ್ಲೇ ಇರಲಿ. ಕ್ಯಾನ್ ನೆಲದ ಮೇಲೇ ಇರಬೇಕು. ಬಹಳ ಜನ ಬಾನೆಟ್ ಹತ್ತಿರ ಎತ್ತರದಲ್ಲಿ ನೇತುಹಾಕುತ್ತಾರೆ. ಆಗ ಡೀಸೆಲ್ ತಾನಾಗೇ ಇಳಿದು ಬರುತ್ತದೆ, ಫೀಡ್ ಪಂಪು ಸತ್ತಿದ್ದರೂ ಗೊತ್ತಾಗುವುದಿಲ್ಲ. ಕ್ಯಾನಿನಿಂದ ಗುಳ್ಳೆ ಇಲ್ಲದೆ ಓಡಿದರೆ ದೋಷ ಹಿಂದೆ, ಟ್ಯಾಂಕು ಮತ್ತು ಲೈನಿನಲ್ಲಿ. ಕ್ಯಾನ್ ಕೊಟ್ಟರೂ ಅದೇ ಕಥೆ ಅಂದರೆ ಫೀಡ್ ಪಂಪಿನ ವಾಲ್ವು, ಪ್ರೈಮರ್, ಫಿಲ್ಟರ್ ತಲೆಯ ವಾಷರ್ ನೋಡಿಸಿ. ಫಿಲ್ಟರ್ ಬದಲಿಸಿದಾಗ ಹಳೇ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದಾರಾ ಕೇಳಿ. ಒಮ್ಮೆ ಅಮುಕಿದ ವಾಷರ್ ಮತ್ತೆ ಸರಿಯಾಗಿ ಕೂರುವುದಿಲ್ಲ.

ನಿಮ್ಮ ‘ಕಾಲು ಟ್ಯಾಂಕ್’ ಮಾತಿನ ಮೇಲೆ ಹೇಳುವುದಾದರೆ, ನಾನು ಮೊದಲು ಕೈ ಹಾಕುವುದು ಟ್ಯಾಂಕಿನ ತಲೆಗೆ. ಅಲ್ಲಿ ಸ್ಟೀಲ್ ಪೈಪಿಗೆ ರಬ್ಬರ್ ಪೈಪು ಸೇರಿಸಿರುತ್ತಾರಲ್ಲ, ಅದನ್ನು ಹೆಬ್ಬೆರಳಲ್ಲಿ ಒತ್ತಿ ಬಾಗಿಸಿ. ಮೇಲೆ ಕಪ್ಪಗೆ ನಯವಾಗಿ ಕಾಣುವ ರಬ್ಬರು ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿರುತ್ತದೆ, ಅದೂ ಕೆಳಮೈಯಲ್ಲಿ. ಅದು ಚೆನ್ನಾಗಿದ್ದರೆ ಟ್ಯಾಂಕಿನೊಳಗೆ ಇಳಿಯುವ ಹೀರು ಪೈಪು ಹೊರಗೆ ತೆಗೆಸಿ. ತುಕ್ಕಿನಿಂದ ಮಧ್ಯದಲ್ಲಿ ತೂತು ಬಿದ್ದಿದ್ದರೆ, ಡೀಸೆಲ್ ಆ ತೂತಿಗಿಂತ ಮೇಲಿರುವವರೆಗೆ ಎಲ್ಲ ಸರಿ. ಮಟ್ಟ ಕೆಳಗಿಳಿದ ಕೂಡಲೇ ಗಾಳಿ. ಫ್ಲೈಓವರ್ ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿದಾಗ ಇನ್ನೂ ಬೇಗ. ಹಾಗೇ ತುದಿಯ ಜಾಲರಿಗೆ ಕೆಸರು ಮೆತ್ತಿದೆಯಾ ನೋಡಿ, ಇಷ್ಟು ವರ್ಷದ ಟ್ಯಾಂಕಿನಲ್ಲಿ ಇದ್ದೇ ಇರುತ್ತದೆ. ಪೈಪು ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ‘ಡೀಸೆಲ್ ಹೋಸ್’ ಅಂತಲೇ ಕೇಳಿ, ನೀರಿನ ಪೈಪು ತರಬೇಡಿ.

ಮೈಕೋ ಕಾರ್ಖಾನೆ ಆಡುಗೋಡಿಯಲ್ಲಿ ದಶಕಗಳ ಕಾಲ ಡೀಸೆಲ್ ಪಂಪು, ನಾಝಲ್ (ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಮೂತಿ) ಮಾಡಿದ ಊರು ನಮ್ಮದು. ಪಂಪು ಬಲ್ಲವರಿಗೆ ಇಲ್ಲಿ ಬರವಿಲ್ಲ. ಅದಕ್ಕೇ ಏನೋ, ಏನು ಕೇಳಿದರೂ ‘ಇಳಿಸಿ, ಕ್ಯಾಲಿಬ್ರೇಷನ್‌ಗೆ ಕೊಡಿ’ (ಪಂಪಿನ ಡೀಸೆಲ್ ಅಳತೆ ಸರಿಮಾಡಿಸಿ) ಅನ್ನುವ ಚಾಳಿ. ಮೇಲಿನದೆಲ್ಲ ನೋಡಿ ಏನೂ ಸಿಗದಿದ್ದರೆ ಆಗ ಇಳಿಸಿ, ನನ್ನದೇನೂ ತಕರಾರಿಲ್ಲ.

ಪ್ರಶ್ನೆ: ಈಗಿನ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಡೀಸೆಲ್‌ನಲ್ಲಿ ಗಂಧಕ ಕಡಿಮೆ, ಹಳೇ ಪಂಪು ಸವೆಯುತ್ತದೆ, 2ಟಿ (ಟೂ ಸ್ಟ್ರೋಕ್ ಗಾಡಿಯ) ಆಯಿಲ್ ಬೆರೆಸಿ ಅನ್ನುತ್ತಾರೆ. ಹೌದಾ?
– ಓದುಗರು, ಪೀಣ್ಯ

ಉತ್ತರ: ಗಂಧಕ ಕಡಿಮೆಯಾಗಿರುವುದು ನಿಜ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಭಾಗ) ಮಿತಿ, ಅದಕ್ಕೂ ಮುಂಚಿನ ಬಿಎಸ್ 4ರಲ್ಲಿ 50 ಇತ್ತು. ಆದರೆ ಡೀಸೆಲ್ ಎಷ್ಟು ಜಾರಬೇಕು ಅನ್ನುವುದಕ್ಕೂ ಮಾನದಂಡ ಇದೆ, ಬಂಕಿಗೆ ಬರುವಾಗಲೇ ಅದನ್ನು ಸರಿಮಾಡಿ ಕಳಿಸಿರುತ್ತಾರೆ. 2ಟಿ ದುಡ್ಡು ಉಳಿಸಿ. ಅದರ ಬದಲು ಫಿಲ್ಟರ್ ತಳದ ಡ್ರೇನ್ ಸ್ಕ್ರೂ ಆಗಾಗ ಸಡಿಲಿಸಿ ನೀರು ಬಿಡಿ. ಪಂಪು ಕೆಡಿಸುವುದು ನೀರು.

ಪ್ರಶ್ನೆ: ನನ್ನದು ಕಾಮನ್ ರೈಲ್ ಕಾರು, ಒಂದು ಸಿಲಿಂಡರ್ ಮಿಸ್ಸಿಂಗ್ (ಸರಿಯಾಗಿ ಉರಿಯುತ್ತಿಲ್ಲ). ಹಳೇ ಗಾಡಿಯಲ್ಲಿ ಮಾಡುವ ಹಾಗೆ ಎಂಜಿನ್ ಓಡುವಾಗ ನಾಝಲ್ ನಟ್ ಸಡಿಲಿಸಿ ಪತ್ತೆ ಮಾಡಬಹುದಾ?
– ಓದುಗರು, ಬನಶಂಕರಿ

ಉತ್ತರ: ಬೇಡವೇ ಬೇಡ. ಅಲ್ಲಿ ಒತ್ತಡ 1000 ಬಾರ್ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು) ದಾಟಬಹುದು. ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ, ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಅಳೆಯಲು ಹೇಳಿ. ಯಾವುದರಲ್ಲಿ ಮಿಕ್ಕವಕ್ಕಿಂತ ತುಂಬಾ ಜಾಸ್ತಿ ಡೀಸೆಲ್ ಬರುತ್ತದೋ ಆ ಇಂಜೆಕ್ಟರನ್ನು ಮೊದಲು ಬಿಚ್ಚಿಸಿ.