ಲೆಕ್ಕ ಪತ್ರ: ಕಾರ್ಯದರ್ಶಿ ಸಂಬಳದ ಕೆಲಸಕ್ಕೆ ಸೇರಬಹುದೇ?

ಪ್ರಶ್ನೆ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ನಮ್ಮ ಸಂಘ ಶ್ರವಣದೋಷವುಳ್ಳ ಮಕ್ಕಳ ಶಾಲೆ ನಡೆಸುತ್ತಿದೆ. ಬ್ಯಾಂಕಿನಿಂದ ನಿವೃತ್ತಳಾದ ನಾನು ಎಂಟು ವರ್ಷಗಳಿಂದ ಸಂಬಳವಿಲ್ಲದ ಕಾರ್ಯದರ್ಶಿ. ವ್ಯವಸ್ಥಾಪಕರು ಕೆಲಸ ಬಿಟ್ಟರು. ತಿಂಗಳಿಗೆ 28,000 ರೂಪಾಯಿಗೆ ನೀವೇ ಬನ್ನಿ ಎಂದು ಸಮಿತಿಯವರು ಒತ್ತಾಯಿಸುತ್ತಿದ್ದಾರೆ. ಚೆಕ್ಕಿಗೆ ಸಹಿ ಮಾಡುವ ಇಬ್ಬರಲ್ಲಿ ನಾನೂ ಒಬ್ಬಳು. ಒಪ್ಪಿಕೊಳ್ಳಬಹುದೇ?
– ಓದುಗರು, ಸಾಗರ

ಉತ್ತರ: ಮೊದಲು ಬೀರುವಿನಿಂದ ಸಂಘದ ಬೈಲಾ ಹೊರತೆಗೆಯಿರಿ. ಸಮಿತಿಯ ಸದಸ್ಯರು ಸಂಘದಿಂದ ಸಂಭಾವನೆ ಪಡೆಯತಕ್ಕದ್ದಲ್ಲ ಎಂಬ ಸಾಲು ಅದರಲ್ಲಿದ್ದರೆ ಕಾರ್ಯದರ್ಶಿಯಾಗಿದ್ದುಕೊಂಡೇ ಸಂಬಳ ಎಣಿಸುವಂತಿಲ್ಲ. ‘ಗೌರವಧನ’ ಎಂದು ಹೆಸರು ಬದಲಿಸಿದರೂ ತಿಂಗಳು ತಿಂಗಳೂ ಬರುವ ಹಣ ಸಂಬಳವೇ.

ಸಾಲು ಇಲ್ಲದಿದ್ದರೂ ರಾಜೀನಾಮೆ ಕೊಟ್ಟೇ ಸೇರಿ ಎಂಬುದು ನನ್ನ ಸಲಹೆ. ನಿಮ್ಮ ಕೆಲಸ ಚೆನ್ನಾಗಿಲ್ಲ ಎಂದು ಹೇಳಬೇಕಾದವರ ಪಕ್ಕದಲ್ಲೇ ನೀವು ಕುಳಿತಿದ್ದರೆ ಅವರು ಬಾಯಿ ಬಿಡುವುದು ಹೇಗೆ?

ರಾಜೀನಾಮೆ ಕೊಟ್ಟ ಮಾತ್ರಕ್ಕೆ ಆದಾಯ ತೆರಿಗೆಯವರ ಕಣ್ಣು ತಪ್ಪುವುದಿಲ್ಲ. 1961ರ ಕಾಯ್ದೆಯ 13ನೇ ಕಲಮು ಸ್ಥಾಪಕರು, ಟ್ರಸ್ಟಿಗಳು, ಅವರ ಸಂಬಂಧಿಕರ ಜೊತೆಗೆ ವ್ಯವಸ್ಥಾಪಕರನ್ನೂ ಒಂದೇ ಪಟ್ಟಿಗೆ ಸೇರಿಸಿತ್ತು. 2025ರ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, ಕಟ್ಟುಪಾಡು ಉಳಿದಿದೆ. ಇಂಥವರಿಗೆ ಸಂಬಳ ಕೊಡಬಹುದು, ಆದರೆ ಅದು ಮಾಡಿದ ಕೆಲಸಕ್ಕೆ ತಕ್ಕಷ್ಟೇ ಇರಬೇಕು. ಮಿತಿ ಮೀರಿದರೆ ಸಂಸ್ಥೆಗೆ ತೆರಿಗೆಯ ಜೊತೆ ದಂಡವೂ ಬೀಳುತ್ತದೆ. 2022ರ ತಿದ್ದುಪಡಿಯ ಪ್ರಕಾರ ಮೊದಲ ಸಲ ಹಾಗೆ ಸಂದ ಹಣದಷ್ಟೇ ದಂಡ, ಮತ್ತೆ ಸಿಕ್ಕಿಬಿದ್ದರೆ ಎರಡರಷ್ಟು.

28,000 ಹೆಚ್ಚೋ ಕಡಿಮೆಯೋ ನಾನು ಹೇಳಲಾರೆ. ಹಿಂದಿನವರಿಗೆ ಎಷ್ಟು ಕೊಡುತ್ತಿದ್ದಿರಿ, ಸುತ್ತಲಿನ ಶಾಲೆಗಳಲ್ಲಿ ಎಷ್ಟಿದೆ ಎಂಬುದನ್ನು ಕಾಗದದಲ್ಲಿ ಇಡಿ. ಹುದ್ದೆಗೆ ಪ್ರಕಟಣೆ ಕೊಡಲಿ, ನೀವೂ ಎಲ್ಲರಂತೆ ಅರ್ಜಿ ಹಾಕಿ. ಸಭೆಯಲ್ಲಿ ವಿಷಯ ಬಂದಾಗ ಎದ್ದು ಹೊರಗೆ ಹೋಗಿ, ಹೋದಿರೆಂದು ನಡಾವಳಿ ಪುಸ್ತಕದಲ್ಲಿ ಬೇರೆಯವರು ಬರೆಯಲಿ.

ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ಸಂಘವೊಂದರ ಲೆಕ್ಕ ನೋಡುತ್ತಿದ್ದಾಗ, ಖಜಾಂಚಿ ತಮ್ಮ ಸಂಬಳದ ನಿರ್ಣಯವನ್ನು ತಾವೇ ಮಂಡಿಸಿ, ತಮ್ಮ ಮುದ್ದಾದ ಅಕ್ಷರದಲ್ಲೇ ನಡಾವಳಿಗೆ ಇಳಿಸಿ, ಚೆಕ್ಕಿಗೂ ಸಹಿ ಹಾಕಿದ್ದನ್ನು ಕಂಡೆ. ಮನುಷ್ಯ ಪ್ರಾಮಾಣಿಕ, ಬೆಳಗ್ಗೆ ಏಳಕ್ಕೇ ಬಂದು ಬಾಗಿಲು ತೆಗೆಯುತ್ತಿದ್ದವರು. ಅದನ್ನು ತೋರಿಸಲು ಒಂದು ಹಾಜರಿ ಪುಸ್ತಕವೂ ಇರಲಿಲ್ಲ. ಎರಡು ವರ್ಷ ವಿವರಣೆ ಬರೆದು ಬರೆದು ಸೋತರು.

ಹೊಸ ಸಮಿತಿಯ ಪಟ್ಟಿ ನೋಂದಣಾಧಿಕಾರಿಗೆ ಹೋಗುವಾಗ ನಿಮ್ಮ ಹೆಸರು ಅದರಲ್ಲಿ ಉಳಿಯದಂತೆ ನೋಡಿಕೊಳ್ಳಿ. ಮೊದಲ ಸಂಬಳಕ್ಕೂ ಮುನ್ನ ಚೆಕ್ಕಿನ ಸಹಿಯನ್ನೂ ಬದಲಾಯಿಸಿ. ಅದಕ್ಕೆ ಯಾವ ಫಾರಂ ಬೇಕು, ಯಾವ ಕೌಂಟರಿನಲ್ಲಿ ಸಿಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.