ಹಸಿರು ಔಷಧಿ ಹಾಕಿ ಆಮೇಲೆ ವಿಟಮಿನ್ ಕೊಟ್ಟರೆ ಆಗಲ್ಲ

ಸಿಂಧನೂರಿನ ಅಣ್ಣಾ, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರೋಕೆ ಆಗಲಿಲ್ಲ. ಬಲೆ ಎಳೆದ ಮೇಲೆ ಮೊಟ್ಟೆಗೆಂದು ಸಾಕಿದ ತಾಯಿ ರೋಹು ಮೀನುಗಳ ಮೈಮೇಲೆ ಅರಳೆಯಂಥ ಬೂಸ್ಟು ಬಂತು, ಮಲಾಕೈಟ್ ಗ್ರೀನ್ ಅನ್ನೋ ಹಸಿರು ಬಣ್ಣ ಹಾಕಿದಿರಿ. ಈಗ ಮೊಟ್ಟೆ ಕೆಡದಿರಲಿ ಅಂತ ವಿಟಮಿನ್ ಸಿ ಇರೋ ಲಿಮ್ಸಿ ಮಾತ್ರೆ ಪುಡಿ ಮಾಡಿ ಹೊಂಡಕ್ಕೆ ಹಾಕುತ್ತಿದ್ದೀರಿ. ದಯವಿಟ್ಟು ನಿಲ್ಲಿಸಿ.

ಗಂಗಾವತಿ ಹತ್ತಿರದ ನಮ್ಮ ಹೊಂಡದಲ್ಲೂ ಹಿಂದೆ ಹೀಗೇ ಮಾಡಿದ್ದೆವು. ಮಳೆಗಾಲದಲ್ಲಿ ಮೀನಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಮೊಟ್ಟೆ ಬಿಡಿಸಿದರೆ ಹಾಪಾ (ಮೊಟ್ಟೆ ಬಿಡಿಸೋ ಬಟ್ಟೆಯ ತೊಟ್ಟಿ) ತುಂಬಾ ಬೆಳ್ಳಗಾದ ಮೊಟ್ಟೆ. ಒಳ್ಳೆ ಮೊಟ್ಟೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಮರಿ ಮಿಸುಕೋದು ಕಾಣುತ್ತದೆ. ಅವುಗಳಲ್ಲಿ ಏನೂ ಇರಲಿಲ್ಲ. ಎಲ್ಲವೂ ಬಣ್ಣದಿಂದಲೇ ಆಯ್ತು ಅನ್ನಲ್ಲ, ಆದರೆ ಬಣ್ಣ ಹಾಕದ ಪಕ್ಕದ ಹೊಂಡದ ಮೀನುಗಳು ಅದೇ ವಾರ ಚೆನ್ನಾಗಿ ಮರಿ ಕೊಟ್ಟವು.

ನೀರಿನ ಹಸಿರು ಹೋಯ್ತು ಅಂದರೆ ವಿಷ ಹೋಯ್ತು ಅಂತಲ್ಲ. ಮೀನಿನ ಮೈಯೊಳಗೆ ಅದು ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ತಿರುಗಿ ಕೊಬ್ಬಿನಲ್ಲಿ ಕೂರುತ್ತದೆ, ತಿಂಗಳುಗಟ್ಟಲೆ ಇರುತ್ತದೆ, ಮೊಟ್ಟೆಗೂ ಸೇರುತ್ತದೆ. ಗಂಡು ಮೀನಿನ ವೀರ್ಯಾಣುವಿನ ಪೊರೆಯಲ್ಲಿ ಬೇಗ ಕೆಡೋ ಕೊಬ್ಬು ಜಾಸ್ತಿ. ಬಣ್ಣದಿಂದ ಹುಟ್ಟಿ ಜೀವಕೋಶ ಕೆಡಿಸೋ ಫ್ರೀ ರ‍್ಯಾಡಿಕಲ್‌ಗಳು ಮೊದಲು ಹೊಡೆಯೋದು ಅದಕ್ಕೇ. ಆ ಕೊಬ್ಬನ್ನು ಕಾಯೋದು ವಿಟಮಿನ್ ಇ. ಕಾದು ಸವೆದ ಇ-ಯನ್ನು ಮತ್ತೆ ಕೆಲಸಕ್ಕೆ ಹಚ್ಚೋದು ವಿಟಮಿನ್ ಸಿ. ಅದಕ್ಕೇ ಎರಡೂ ಒಟ್ಟಿಗೆ ಬೇಕು. ಇಲಿ, ಮೀನುಗಳ ಮೇಲಿನ ಪ್ರಯೋಗಗಳಲ್ಲಿ ಇವು ಹಾನಿ ಕಡಿಮೆ ಮಾಡಿವೆ. ಕಡಿಮೆ ಮಾಡಿವೆ ಅಷ್ಟೇ, ಅಳಿಸಿಲ್ಲ.

ಲಿಮ್ಸಿ ಮನುಷ್ಯರು ಚಪ್ಪರಿಸೋಕೆ ಮಾಡಿದ್ದು. ನೀರಿಗೆ ಹಾಕಿದರೆ ಕರಗಿ ಹೋಗುತ್ತದೆ, ಮೀನಿಗೆ ಸಿಗಲ್ಲ. ಕೊಡೋದಾದರೆ ಆಹಾರದಲ್ಲಿ ಕೊಡಿ. ರೋಹು, ಕಾಟ್ಲಾ ತಾವೇ ವಿಟಮಿನ್ ಸಿ ಮಾಡಿಕೊಳ್ಳಲ್ಲ, ತಿಂದದ್ದೇ ಗತಿ. ಫಾಸ್ಫೇಟ್ ಕೂಡಿಸಿದ, ಬೇಗ ಕೆಡದ ರೂಪ ತಗೊಳ್ಳಿ. ಕಂಪನಿ ಹೆಸರಿಗಿಂತ ಪಾಕೀಟಿನ ಹಿಂದೆ ಬರೆದದ್ದು ಓದಿ. ನಾನು ಫೆಬ್ರವರಿಯಿಂದಲೇ ಶುರು ಮಾಡುತ್ತೇನೆ, ಜೂನ್‌ಗೆ ಮೊದಲು ಮೊಟ್ಟೆ ಕಟ್ಟೋ ಕಾಲ ಅದು. ಕೆಜಿ ಆಹಾರಕ್ಕೆ ಇ 100 ಮಿಲಿಗ್ರಾಂ, ಸಿ 500. ಆಹಾರಕ್ಕೆ ಬೇಯಿಸಿದ ಗಂಜಿ ಪೂರ್ತಿ ಆರಿದ ಮೇಲೆ ವಿಟಮಿನ್ ಕಲಸಿ, ಬಿಸಿಗೆ ಸಿ ಸತ್ತುಹೋಗುತ್ತದೆ. ನೆರಳಲ್ಲಿ ಒಣಗಿಸಿ.

ಇನ್ನೊಂದು, ಎಲ್ಲರೂ ಮರೆಯೋದು ಮೀನಿನ ಆಹಾರಕ್ಕೆ ಬೆರೆಸೋ ತೌಡು. ಮಿಲ್ಲಿನಿಂದ ತಂದು ವಾರಗಟ್ಟಲೆ ಇಟ್ಟ ತೌಡು ಕಮಟು ಹಿಡಿದಿರುತ್ತದೆ. ಆ ಕೆಟ್ಟ ಎಣ್ಣೆ ನೀವು ದುಡ್ಡು ಕೊಟ್ಟು ಹಾಕಿದ ವಿಟಮಿನ್ ಇ-ಯನ್ನೇ ತಿಂದು ಹಾಕುತ್ತದೆ. ತಾಜಾ ತೌಡಿನಲ್ಲಿ ಇ ತಾನೇ ಇರುತ್ತದೆ ಅಲ್ವಾ? ಮೂಸಿ ನೋಡಿ ತಗೊಳ್ಳಿ.

ಬೂಸ್ಟಿಗೆ ಉಪ್ಪು ಸಾಕು. ಲೀಟರಿಗೆ 20ರಿಂದ 30 ಗ್ರಾಂ, ಒಂದೆರಡು ನಿಮಿಷ ಅದ್ದಿ. ಮೀನು ವಾಲಿದರೆ ತಕ್ಷಣ ತೆಗೆಯಿರಿ. ಬಟ್ಟೆ ಬಣ್ಣವನ್ನು ಪೊಟ್ಟಣ ಕಟ್ಟಿ ಮೀನಿನ ಔಷಧಿ ಅಂತ ಕೊಡೋ ಅಂಗಡಿಗೆ ಹೋಗಲೇಬೇಡಿ. ತಿನ್ನೋ ಮೀನಿಗೆ ಮಲಾಕೈಟ್ ನಿಷೇಧ ಇದೆ, ಆ ಹೊಂಡದ ಮೀನು ಮಾರಬೇಡಿ. ಉಳಿದ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬಸುರಿ ಹೆಂಗಸರನ್ನಂತೂ ಹತ್ತಿರ ಬಿಡಬೇಡಿ. ಮುಂದಿನ ಸಲ ಗಂಟಿಲ್ಲದ ಬಲೆ ತನ್ನಿ, ಚಳಿಗಾಲದಲ್ಲಿ ತಾಯಿ ಮೀನಿನ ಹೊಂಡದಲ್ಲಿ ಸುಮ್ಮನೆ ಬಲೆ ಎಳೆಯಬೇಡಿ. ಮೈ ಗೀರದಿದ್ದರೆ ಬೂಸ್ಟು ಹತ್ತೋದೂ ಕಡಿಮೆ.