ಕಿಂಡರ್‌ಗಾರ್ಟನ್ ಮಗಳು, ಏಳನೆಯ ತರಗತಿಯ ಮಗ: ಸ್ಪ್ಯಾನಿಷ್ ಯಾರಿಗೆ, ಹೇಗೆ?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಸಮೀಪ ನೆಲೆಸಿರುವ ಕನ್ನಡ ಕುಟುಂಬ. ಕಿಂಡರ್‌ಗಾರ್ಟನ್ ಸೇರಲಿರುವ ಮಗಳಿಗೆ ಸ್ಪ್ಯಾನಿಷ್–ಇಂಗ್ಲಿಷ್ ದ್ವಿಭಾಷಾ ವಿಭಾಗದಲ್ಲಿ ಜಾಗ ಸಿಕ್ಕಿದೆ. ಮಗ ಏಳನೆಯ ತರಗತಿಯಲ್ಲಿ ಸ್ಪ್ಯಾನಿಷ್ ಆರಿಸಿಕೊಳ್ಳಬಹುದು. ಅವನಿಗೆ ತಡವಾಯಿತೇ? ಮಗಳ ಕನ್ನಡಕ್ಕೆ ಇದರಿಂದ ಪೆಟ್ಟು ಬೀಳುವುದೇ?
— ಓದುಗರೊಬ್ಬರು

ಉತ್ತರ: ಮಗನಿಗೆ ಖಂಡಿತ ತಡವಾಗಿಲ್ಲ. ಬಾರ್ಸಿಲೋನಾದಲ್ಲಿ ಭಾಷಾ ಸಂಶೋಧಕಿ ಕಾರ್ಮೆನ್ ಮುನ್ಯೋಸ್ ಮತ್ತು ಸಂಗಡಿಗರು, ಎಂಟರ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯತೊಡಗಿದವರನ್ನೂ ಹನ್ನೊಂದರಲ್ಲಿ ತೊಡಗಿದವರನ್ನೂ ಇಬ್ಬರಿಗೂ ಸಮನಾದ ಗಂಟೆಗಳ ಪಾಠವಾದ ನಂತರ ಹೋಲಿಸಿ ನೋಡಿದಾಗ, ತಡವಾಗಿ ಆರಂಭಿಸಿದವರೇ ಹೆಚ್ಚಿನ ಪರೀಕ್ಷೆಗಳಲ್ಲಿ ಮುಂದಿದ್ದರು. ಎಳೆಯ ಮಕ್ಕಳಿಗೆ ಭಾಷೆ ತಾನಾಗಿ ಬರುತ್ತದೆ ಎಂಬ ಮಾತು, ದಿನದ ಬಹುಭಾಗ ಆ ಭಾಷೆ ಕಿವಿಗೆ ಬೀಳುವ ಕಡೆ ಮಾತ್ರ ಸಲ್ಲುತ್ತದೆ. ವಾರಕ್ಕೆರಡು ಸಲ ಅರ್ಧ ಗಂಟೆ ಬಣ್ಣಗಳ ಹೆಸರನ್ನೂ ಎಣಿಕೆಯನ್ನೂ ಹಾಡಿಸುವ ತರಗತಿಯಿಂದ ಅಷ್ಟನ್ನು ನಿರೀಕ್ಷಿಸಲಾಗದು.

ಮಗಳಿಗೆ ಸಿಕ್ಕಿರುವುದು ಅಂಥ ತರಗತಿಯಲ್ಲ. ಮಿಯಾಮಿಯ ಕೋರಲ್ ವೇ ಶಾಲೆಯಲ್ಲಿ 1963ರಲ್ಲಿ ಆರಂಭವಾದ ಪ್ರಯೋಗದ ಪರಂಪರೆಗೆ ಸೇರಿದ ಈ ವಿಭಾಗಗಳಲ್ಲಿ ಗಣಿತ, ವಿಜ್ಞಾನದಂಥ ಪಾಠಗಳೇ ಸ್ಪ್ಯಾನಿಷ್‌ನಲ್ಲಿ ನಡೆಯುತ್ತವೆ. ಕೆಲವು ಶಾಲೆಗಳು ಎರಡೂ ಭಾಷೆಗಳಿಗೆ ಸಮಪಾಲು ಕೊಡುತ್ತವೆ. ಕೆಲವು ಶೇ 90ರಷ್ಟು ಸ್ಪ್ಯಾನಿಷ್‌ನಿಂದ ಆರಂಭಿಸಿ ವರ್ಷದಿಂದ ವರ್ಷಕ್ಕೆ ಇಂಗ್ಲಿಷ್ ಹೆಚ್ಚಿಸುತ್ತವೆ. ಎರಡನೆಯ ಬಗೆಯಲ್ಲಿ ಇಂಗ್ಲಿಷ್ ಓದು ಮೊದಮೊದಲು ಹಿಂದೆ ಬಿದ್ದಂತೆ ಕಾಣಬಹುದು. ಆಗ ಗಾಬರಿಗೊಂಡು ನಡುವೆ ಬಿಡಿಸುವುದಾದರೆ, ಸೇರಿಸದಿರುವುದೇ ಲೇಸು.

ಕಲಿಸುವ ಬಗೆಯೂ ವಯಸ್ಸಿಗೆ ತಕ್ಕಂತೆ ಬೇರೆಯಾಗಬೇಕು. ಶಿಕ್ಷಕಿ ‘ಸಾಲ್ತಾ’ ಎಂದಾಗ ಜಿಗಿಯುವ, ‘ಸಿಯೆಂತಾತೆ’ ಎಂದಾಗ ಕೂರುವ, ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ರೂಪಿಸಿದ ಆಜ್ಞಾವಿಧಾನ ಆರರ ಮಗುವಿಗೆ ಹಬ್ಬ. ಹದಿಮೂರರ ಹುಡುಗ ಗೆಳೆಯರೆದುರು ನಾಚಿ ಮೂಲೆ ಸೇರುತ್ತಾನೆ. ಅವನಿಗೆ ಕತೆ ಬೇಕು, ಮಾತನಾಡಲು ಕಾರಣ ಬೇಕು, ವ್ಯಾಕರಣದ ನಿಯಮವನ್ನು ಬಿಡಿಸಿ ಹೇಳುವವರೂ ಬೇಕು. ಇಲ್ಲಿ ಮನೆಯ ಕನ್ನಡ ಅವನ ನೆರವಿಗೇ ಬರುತ್ತದೆ: ಕರ್ತೃಪದವನ್ನು ಬಿಟ್ಟು ಕ್ರಿಯಾಪದದ ಕೊನೆಯಿಂದಲೇ ಯಾರೆಂದು ತಿಳಿಯುವುದು, ನೀನು–ನೀವು ಭೇದ, ‘ನನಗೆ ಇಷ್ಟ’ ಎಂಬಂಥ ವಾಕ್ಯರಚನೆ, ಇವೆಲ್ಲ ಸ್ಪ್ಯಾನಿಷ್‌ನಲ್ಲೂ ಇವೆ, ಇಂದಿನ ಇಂಗ್ಲಿಷ್‌ನಲ್ಲಿ ಇಲ್ಲ. ತ, ದ ಧ್ವನಿಗಳೂ ಅವನಿಗೆ ಸುಲಭ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ಶಾಲೆಯಲ್ಲಿ ಹಿಂದಿ ಕಲಿತವರಿಗೆ ಈ ಪಾಡು ಗೊತ್ತೇ ಇರುತ್ತದೆ.

ಮಗಳ ಕನ್ನಡಕ್ಕೆ ಸ್ಪ್ಯಾನಿಷ್‌ನಿಂದ ಅಪಾಯವಿಲ್ಲ. ಅಪಾಯವಿರುವುದು ಮನೆಯಲ್ಲಿ ಎಲ್ಲರೂ ಇಂಗ್ಲಿಷ್‌ಗೆ ಹೊರಳುವುದರಿಂದ. ಆದ್ದರಿಂದ ತಂದೆತಾಯಿ ತಾವೂ ಅರೆಬರೆ ಸ್ಪ್ಯಾನಿಷ್ ಆಡಲು ಹೊರಡದೆ ಕನ್ನಡದಲ್ಲೇ ಮಾತನಾಡಲಿ, ರಾತ್ರಿ ಕನ್ನಡ ಕತೆ ಓದಿ ಹೇಳಲಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು, ಈ ವಿಭಾಗ ಮಧ್ಯಮ ಶಾಲೆಯಲ್ಲೂ ಮುಂದುವರಿಯುವುದೇ ಎಂದು ಶಾಲೆಯವರನ್ನು ಕೇಳಿರಿ.